ಸ್ತನಭಾರ: ಕಾವ್ಯದಲ್ಲಿಯೂ ಬೆನ್ನಿನಲ್ಲಿಯೂ

ಕೃಷ್ಣೆಯ ದಂಡೆಯ ಖಿದ್ರಾಪುರದಲ್ಲಿರುವ ಕೋಪೇಶ್ವರ ದೇವಾಲಯವನ್ನು ನಮ್ಮ ಚಿಕ್ಕೋಡಿ, ಕಾಗವಾಡ ಕಡೆಯವರಲ್ಲಿ ಬಹಳ ಮಂದಿ ನೋಡಿರಬಹುದು. ಶಾಲೆಯ ಮಕ್ಕಳನ್ನು ಕರೆದುಕೊಂಡು ನಾನೂ ನಾಲ್ಕಾರು ಸಲ ಹೋಗಿ ಬಂದಿದ್ದೇನೆ. ಅಲ್ಲಿಯ ಶಿಲಾಸುಂದರಿಯರ ಮುಂದೆ ನಿಂತಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಸುಳಿಯುತ್ತಿತ್ತು: ಇಷ್ಟೊಂದು ಭಾರವನ್ನು ಎದೆಯ ಮೇಲೆ ಹೊತ್ತು, ಹಿಡಿಯಷ್ಟು ನಡುವಿನ ಮೇಲೆ ನಿಂತಿರುವ ಈ ತಾಯಿಗೆ ಬೆನ್ನು ನೋಯುವುದಿಲ್ಲವೆ? ಕಲ್ಲಿಗೆ ನೋವಿಲ್ಲ, ಕಡೆದವನಿಗೆ ಕೇಳಬೇಕೆಂದು ತೋರಲೂ ಇಲ್ಲ. ಕಾಳಿದಾಸನ ಮೇಘದೂತದಲ್ಲಿ ಯಕ್ಷನ ಹೆಂಡತಿಯು ಸ್ತನಭಾರದಿಂದ ತುಸು ಬಾಗಿದವಳು. ಆ ಬಾಗುವಿಕೆಯನ್ನು ರಸಿಕರು ಹದಿನೈದು ಶತಮಾನಗಳಿಂದ ಮೆಚ್ಚುತ್ತ ಬಂದಿರುವರು. ನಮ್ಮ ಚಂಪೂಕವಿಗಳೂ ಅದೇ ಜಾಡಿನಲ್ಲಿ ನಡೆದರು. ಹಾಗೆ ಬಾಗಿದವಳು ರಾತ್ರಿ ಕುತ್ತಿಗೆಗೆ ಬಿಸಿನೀರಿನ ಶಾಖ ಕೊಟ್ಟುಕೊಂಡು ಮಲಗಿದಳೆಂದು ಬರೆದ ಕವಿಯನ್ನು ನಾನಂತೂ ಓದಿಲ್ಲ.

ಕಾವ್ಯಪ್ರಿಯರಾದ ವಾಚಕರು ಮುನಿಯಬಾರದು. ಸಾಹಿತ್ಯಕ್ಕೆ ಮೀಸಲಾದ ಈ ಪುಟದಲ್ಲಿ ಶಸ್ತ್ರಕ್ರಿಯೆಯ ಮಾತೇಕೆ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಈ ಭಾರದ ವಿಷಯವಾಗಿ ನಮ್ಮಲ್ಲಿ ಇದುವರೆಗೆ ಗಟ್ಟಿಯಾಗಿ ಮಾತಾಡಿದವರು ಕವಿಗಳು, ಇಲ್ಲವೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತ ಪೋಕರಿಗಳು. ಹೊತ್ತವರು ಮಾತಾಡಿಲ್ಲ. ನಾನು ಹೊತ್ತವಳು, 47ನೆಯ ವಯಸ್ಸಿನಲ್ಲಿ ಅದನ್ನು ಇಳಿಸಿಕೊಂಡವಳು. ಇಳಿಸಿಕೊಂಡ ಮೇಲೆ ಒಂದು ಸುಳ್ಳು ಹೇಳಿದವಳೂ ಹೌದು. ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಆ ಸುಳ್ಳು.

ನಾನು ರಾಯಬಾಗ ತಾಲೂಕಿನ ಒಂದು ಶಾಲೆಯಲ್ಲಿ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಗೆ ‘ಅಕ್ಕೋರು’ ಎನ್ನುವುದು ವಾಡಿಕೆ. ನೆಂಟರಿಷ್ಟರೂ ನನ್ನನ್ನು ಹಾಗೆಯೇ ಕರೆಯುವರು. ಕರಿಹಲಗೆಯ ಮೇಲಿನ ಸಾಲಿಗೆ ಕೈಯೆತ್ತಿದರೆ ಹೆಗಲಿನಿಂದ ಕಿರುಬೆರಳಿನವರೆಗೆ ಜುಮ್ಮೆನ್ನುತ್ತಿತ್ತು. ಆದ್ದರಿಂದ ಇಪ್ಪತ್ತು ವರುಷ ನಾನು ಹಲಗೆಯ ಕೆಳಗಿನ ಅರ್ಧದಲ್ಲಿಯೇ ಬರೆದೆನು. ಹಿಂದಿನ ಸಾಲಿನ ಹುಡುಗರಿಗೆ ಅದು ಕಾಣುತ್ತಿರಲಿಲ್ಲ. ಅವರು ನನಗಿಟ್ಟಿದ್ದ ಅಡ್ಡಹೆಸರನ್ನು ಇಲ್ಲಿ ಬರೆಯಲಾರೆ. ಒಳಕುಪ್ಪಸದ ಪಟ್ಟಿಗಳು ಎರಡೂ ಹೆಗಲ ಮೇಲೆ, ನೊಗ ಹೊತ್ತ ಎತ್ತಿನ ಹೆಗಲಿನಂತೆ, ತಗ್ಗು ಕೊರೆದಿದ್ದವು. ಬೇಸಿಗೆಯಲ್ಲಿ ಸ್ತನಗಳ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು, ಚರ್ಮ ಕೆಂಪಾಗಿ ಬಿರಿದು, ನವೆ ಹತ್ತಿ ನಾರುತ್ತಿತ್ತು. ಅರಿಶಿನ, ಕೊಬ್ಬರಿ ಎಣ್ಣೆ, ಪೌಡರು ಎಲ್ಲವೂ ಆದವು. ಮಳೆಗಾಲ ಬಂದರೂ ಅದು ಮಾಯಲಿಲ್ಲ.

ಮನೆಯ ಹಿರಿಯರಿಗೆ ಇದೊಂದು ಬಾಧೆಯೆಂದೇ ತೋರಲಿಲ್ಲ. “ತುಂಬಿದ ಮೈ ಐತಿ, ಪುಣ್ಯೇವಂತಿ” ಎಂದು ನಮ್ಮ ಅತ್ತೆ ಅನ್ನುತ್ತಿದ್ದರು. ತೂಕ ಇಳಿಸಿದರೆ ತಾನೇ ಇಳಿಯುವುದೆಂದು ಉಳಿದವರು ಹೇಳಿದರು. ಒಂಬತ್ತು ಕಿಲೊ ಇಳಿಸಿದೆನು. ಮುಖ ಬತ್ತಿತು, ನಡು ಬತ್ತಿತು, ಭಾರ ಮಾತ್ರ ಇದ್ದಲ್ಲಿಯೇ ಇತ್ತು. ಸ್ತನವೆಂದರೆ ಕೊಬ್ಬಷ್ಟೇ ಅಲ್ಲ, ಗ್ರಂಥಿಯೂ ಹೌದು; ಕೆಲವರ ಗ್ರಂಥಿ ಮೈನೆರೆಯುವ ಕಾಲದಲ್ಲಿಯೋ ಬಸಿರಿನಲ್ಲಿಯೋ ದೇಹದ ಹಾರ್ಮೋನುಗಳಿಗೆ ಮಿತಿಮೀರಿ ಓಗೊಟ್ಟು ಬೆಳೆದುಬಿಡುವುದು; ಅದು ಉಪವಾಸಕ್ಕೆ ಜಗ್ಗುವುದಿಲ್ಲ. ಇದು ನನಗೆ ಆಮೇಲೆ ತಿಳಿಯಿತು. ತೂಕ ಹೆಚ್ಚಿದ್ದವರಿಗೆ ಇಳಿಸಿ ಬನ್ನಿರೆಂದು ಶಸ್ತ್ರವೈದ್ಯರೂ ಹೇಳುವರು. ಗಾಯ ಬೇಗ ಮಾಯುವುದಕ್ಕೆ, ಆಮೇಲೆ ಆಕಾರ ಕೆಡದಿರುವುದಕ್ಕೆ ಅದು ಬೇಕು. ಆದರೆ ಅದೇ ಔಷಧವೆಂದು ತಿಳಿಯಬಾರದು.

ಕುತ್ತಿಗೆಯ ನೋವಿಗೆಂದು ಹೋದಲ್ಲೆಲ್ಲ ಕುತ್ತಿಗೆಯನ್ನೇ ನೋಡಿದರು. ಎಕ್ಸ್‌ರೇ ಆಯಿತು, ಗುಳಿಗೆಯಾಯಿತು, ಕೊರಳಪಟ್ಟಿಯೂ ಆಯಿತು. ಕೊನೆಗೆ ವಯಸ್ಸಾದ ಒಬ್ಬ ವೈದ್ಯೆ ಸೆರಗು ಸರಿಸಿ, ಹೆಗಲ ಮೇಲಿನ ತಗ್ಗಿನಲ್ಲಿ ತಮ್ಮ ಬೆರಳಿಟ್ಟು, “ಇದನ್ನು ಯಾರೂ ನೋಡಲೇ ಇಲ್ಲವೇನಮ್ಮಾ?” ಎಂದರು. ನಾನು ಅಲ್ಲಿಯೇ ಅತ್ತುಬಿಟ್ಟೆನು.

ದೊಡ್ಡ ದವಾಖಾನೆಯೆಂದರೆ ನಮ್ಮ ಐದು ತಾಲೂಕುಗಳಿಗೆ ಮೂರು ದಿಕ್ಕು. ಅಥಣಿ, ಕಾಗವಾಡ, ರಾಯಬಾಗದವರು ಮಿರಜ-ಸಾಂಗಲಿಗೆ ಹೋಗುವರು. 1894ರಲ್ಲಿ ವಾನ್‌ಲೆಸ್ ಸಾಹೇಬರು ಮಿರಜದಲ್ಲಿ ಆಸ್ಪತ್ರೆ ತೆರೆದಂದಿನಿಂದ ಆ ಹಾದಿ ಸವೆದಿದೆ. ನಿಪ್ಪಾಣಿಯವರು ಕೊಲ್ಲಾಪುರಕ್ಕೆ, ಚಿಕ್ಕೋಡಿಯವರು ಹೆಚ್ಚಾಗಿ ಬೆಳಗಾವಿಗೆ. ಎಲ್ಲಿ ಹೋದರೂ ಕೇಳಬೇಕಾದುದು ಪ್ಲಾಸ್ಟಿಕ್ ಸರ್ಜನರನ್ನು. ಆ ಹೆಸರನ್ನು ಕೇಳಿ ನಮ್ಮವರು ಹಿಂಜರಿಯುವರು. ಸಿನೆಮಾದವರ ಮೂಗು ತಿದ್ದುವ ವೈದ್ಯರೆಂದು ತಿಳಿದಿರುವರು. ಸುಟ್ಟವರ ಮೈಗೆ ಚರ್ಮ ಹಚ್ಚುವವರೂ, ಕಬ್ಬಿನ ಗಾಣಕ್ಕೆ ಸಿಕ್ಕ ಬೆರಳನ್ನು ಕೂಡಿಸುವವರೂ ಇವರೇ.

ಈ ಶಸ್ತ್ರಕ್ರಿಯೆಯ ವಿಧಾನದಲ್ಲಿ ಒಂದು ಸ್ವಾರಸ್ಯವಿದೆ. 1956ರಲ್ಲಿ ಅಮೆರಿಕೆಯ ರಾಬರ್ಟ್ ವೈಸ್ ಎಂಬ ಶಸ್ತ್ರವೈದ್ಯನು ಒಳಕುಪ್ಪಸ ಹೊಲಿಯುವವರು ಅರಿವೆಯನ್ನು ಕತ್ತರಿಸುವ ನಮೂನೆಯನ್ನು ನೋಡಿ, ಅದೇ ಬಗೆಯಲ್ಲಿ ಚರ್ಮದ ಮೇಲೆ ಗೆರೆ ಎಳೆಯುವ ಮಾದರಿಯೊಂದನ್ನು ಪ್ರಕಟಿಸಿದನು. ಇಂದಿಗೂ ಜಗತ್ತಿನಲ್ಲಿ ಬಹಳ ಕಡೆ ಅದೇ ಮಾದರಿ ನಡೆದಿದೆ. ಸಿಂಪಿಗರ ವಿದ್ಯೆ ವೈದ್ಯರಿಗೆ ದಾರಿ ತೋರಿದ ಈ ಸಂಗತಿಯನ್ನು ಕೇಳಿ ನನಗೆ ಎಷ್ಟೋ ಧೈರ್ಯ ಬಂದಿತು. ಶಸ್ತ್ರಕ್ರಿಯೆಗೆ ಮೊದಲು ರೋಗಿಯನ್ನು ನೆಟ್ಟಗೆ ನಿಲ್ಲಿಸಿ ಅಥವಾ ಕೂಡಿಸಿ ಗುರುತು ಹಾಕುವರು. ಮಲಗಿಸಿದರೆ ಅಳತೆ ತಪ್ಪುವುದು. ಆಮೇಲೆ ಅರಿವಳಿಕೆ; ಎರಡರಿಂದ ನಾಲ್ಕು ತಾಸು. ಮೊಲೆತೊಟ್ಟನ್ನು ಬಹುಮಟ್ಟಿಗೆ ಕಿತ್ತು ತೆಗೆಯುವುದಿಲ್ಲ. ರಕ್ತನಾಳ ನರಗಳಿರುವ ಮಾಂಸದ ಒಂದು ಕಂಬವನ್ನು ಅದರ ಹಿಂದೆ ಉಳಿಸಿಕೊಂಡು, ಸುತ್ತಲಿನ ಹೆಚ್ಚಿನ ಗ್ರಂಥಿ, ಕೊಬ್ಬು, ಚರ್ಮಗಳನ್ನು ತೆಗೆದು, ತೊಟ್ಟನ್ನು ಮೇಲಕ್ಕೆ ಒಯ್ದು ಕೂಡಿಸುವರು. ಹಣ್ಣಿಗೆ ತೊಟ್ಟಿನ ಮೂಲಕವೇ ರಸ ಬರಬೇಕಲ್ಲವೆ? ಇಲ್ಲಿ ತೊಟ್ಟಿಗೇ ಒಂದು ತೊಟ್ಟು. ಆ ಕಂಬದಲ್ಲಿ ರಕ್ತ ಹರಿಯುತ್ತಿರುವುದರ ಮೇಲೆಯೇ ಎಲ್ಲವೂ ನಿಂತಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು. ಭಾರ ಅತಿಯಾಗಿದ್ದವರಲ್ಲಿ ಮಾತ್ರ ತೊಟ್ಟನ್ನು ಬಿಡಿಸಿ ಮತ್ತೆ ನಾಟುವುದುಂಟು.

ನನ್ನಿಂದ ತೆಗೆದುದು ಎರಡೂ ಕಡೆ ಸೇರಿ 1 ಕಿಲೊ 600 ಗ್ರಾಂ. ಅದನ್ನು ತೂಗಿ ಅಂಗಾಂಶ ಪರೀಕ್ಷೆಗೆ ಕಳಿಸುವರು; ಒಮ್ಮೊಮ್ಮೆ ಯಾರಿಗೂ ಗೊತ್ತಿಲ್ಲದ ಕ್ಯಾನ್ಸರು ಅದರಲ್ಲಿ ಸಿಗುವುದುಂಟು. ನಲವತ್ತು ದಾಟಿದವರಿಗೆ ಮೊದಲೇ ಮ್ಯಾಮೊಗ್ರಾಂ ಮಾಡಿಸುವುದೂ ಅದಕ್ಕಾಗಿಯೇ.

ಎಚ್ಚರವಾದಾಗ ನೋವಿಗಿಂತ ಮೊದಲು ನನಗೆ ತಿಳಿದುದು ಉಸಿರು. ಎದೆಯ ಮೇಲೆ ಮೂವತ್ತು ವರುಷ ಕುಳಿತಿದ್ದ ಯಾರೋ ಎದ್ದುಹೋದ ಹಾಗಾಯಿತು. ನೋವು ಆಮೇಲೆ ಬಂದಿತು, ಸಾಕಷ್ಟು ಬಂದಿತು, ಗುಳಿಗೆಗೆ ತಗ್ಗಿತು. ಎರಡೂ ಪಕ್ಕದಲ್ಲಿ ಕೆಟ್ಟ ರಕ್ತ ಇಳಿಯಲೆಂದು ಸಣ್ಣ ನಳಿಕೆಗಳಿದ್ದವು, ಮರುದಿನ ತೆಗೆದರು. ಎಲ್ಲರಿಗೂ ಅವನ್ನು ಇಡುವುದಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಅಂದೇ ಸಂಜೆ ಎಬ್ಬಿಸಿ ನಡೆಸಿದರು. ಮೂರನೆಯ ದಿನ ಕಾರಣವಿಲ್ಲದೆ ಬಹಳ ಅತ್ತೆನು; ಹೀಗೆ ಹಲವರಿಗೆ ಆಗುವುದಂತೆ. ಬಿಗಿಯಾದ ಒಳಕುಪ್ಪಸವನ್ನು ಹಗಲೂ ರಾತ್ರಿಯೂ ಆರು ವಾರ ತೊಟ್ಟಿರಬೇಕು, ಅಂಗಾತವಾಗಿಯೇ ಮಲಗಬೇಕು, ತಲೆಗೆ ಬೇರೆಯವರೇ ಎರೆಯಬೇಕು.

“ಎರಡು ವಾರದ ಮೇಲೆ ಮನೆಯ ಹಗುರ ಕೆಲಸ ಮಾಡಬಹುದು” ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಮನೆಯ ಹಗುರ ಕೆಲಸವೆಂದರೆ ನಮ್ಮ ಕಡೆಯ ಹೆಣ್ಣಿಗೆ ರೊಟ್ಟಿ ಬಡಿಯುವುದು. ಹದಿನೈದನೆಯ ದಿನ ಹತ್ತು ರೊಟ್ಟಿ ಬಡಿದೆನು; ಸಂಜೆಗೆ ಬಲಗಡೆಯ ಹೊಲಿಗೆಯ ಹತ್ತಿರ ಬಾತು ರಕ್ತ ಒಸರಿತು. ಮರುದಿನ ನನ್ನನ್ನು ಗದರಿಸಿದ ವೈದ್ಯರಿಗೆ ಜೋಳದ ರೊಟ್ಟಿಯನ್ನು ಹೇಗೆ ಮಾಡುವರೆಂಬುದೇ ಗೊತ್ತಿರಲಿಲ್ಲ. ಆದ್ದರಿಂದ ನಮ್ಮ ಭಾಷೆಯಲ್ಲಿ ಹೇಳುತ್ತೇನೆ: ಆರು ವಾರ ಕೊಡ ಎತ್ತಬಾರದು, ರೊಟ್ಟಿ ಬಡಿಯಬಾರದು, ಅರಿವೆ ಹಿಂಡಬಾರದು, ಕೂಸನ್ನು ಟೊಂಕದ ಮೇಲೆ ಕೂಡಿಸಿಕೊಳ್ಳಬಾರದು. ಕುಂಬಿಯ ಮೇಲಿನ ಡಬ್ಬಿಗೆ ಕೈ ಚಾಚಬಾರದು.

ಕಲೆಗಳು ಉಳಿಯುವವು. ಉಳಿಯುವುದಿಲ್ಲವೆಂದು ಹೇಳಿದವರನ್ನು ನಂಬಬೇಡಿರಿ. ತೊಟ್ಟಿನ ಸುತ್ತ ಒಂದು, ಅಲ್ಲಿಂದ ಕೆಳಕ್ಕೆ ಒಂದು, ಬುಡದ ಮಡಿಕೆಯುದ್ದಕ್ಕೂ ಒಂದು. ಹಡಗಿನ ಲಂಗರಿನ ಆಕಾರ. ಮೊದಲು ಕೆಂಪಾಗಿ ಉಬ್ಬಿರುವವು, ವರುಷ ಒಂದೂವರೆ ವರುಷಕ್ಕೆ ಮಾಸುವವು. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಅವು ದಪ್ಪನಾಗಿ ಬೆಳೆಯುವ ಸಂಭವ ಹೆಚ್ಚು. ಕಿವಿ ಚುಚ್ಚಿದಲ್ಲಿ ಗಂಟು ಬೆಳೆದವರು ಅದನ್ನು ಮೊದಲೇ ಹೇಳಬೇಕು. ಲಂಗರಿನ ಮೂರು ಗೆರೆ ಕೂಡುವ ಸ್ಥಳದಲ್ಲಿ ಗಾಯ ತುಸು ಬಿಟ್ಟುಕೊಂಡು ತಡವಾಗಿ ಮಾಯುವುದು ಸಾಮಾನ್ಯ, ಅದಕ್ಕೆ ಅಂಜಬೇಕಾಗಿಲ್ಲ. ತೊಟ್ಟಿನ ಸ್ಪರ್ಶಜ್ಞಾನ ಕೆಲವು ತಿಂಗಳು ಹೋಗಬಹುದು, ಕೆಲವರಿಗೆ ಮರಳದೆಯೂ ಇರಬಹುದು. ನನಗೆ ಎಡಗಡೆ ಮರಳಿತು, ಬಲಗಡೆ ಅರ್ಧ ಮರಳಿತು. ಎರಡೂ ಸ್ತನಗಳು ಕನ್ನಡಿ ಹಿಡಿದಂತೆ ಸಮನಾಗುವುದಿಲ್ಲ; ಒಳಗೆ ಕೊಬ್ಬು ಸತ್ತು ಗಂಟಾದರೆ ತೋರಿಸಬೇಕು. ಬಾವು ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಅರ್ಧ ವರುಷವೇ ಬೇಕು. ಇಷ್ಟೆಲ್ಲ ಆದಮೇಲೂ ಈ ಶಸ್ತ್ರಕ್ರಿಯೆಯಾದ ಹೆಂಗಸರಲ್ಲಿ ಹೆಚ್ಚಿನವರು ಸಂತೋಷಪಡುವರು. ನಾನೂ ಅವರಲ್ಲಿ ಒಬ್ಬಳು. ಈಗ ನಾನು ಹಲಗೆಯ ಮೇಲಿನ ಸಾಲಿನಿಂದಲೇ ಬರೆಯಲು ತೊಡಗುತ್ತೇನೆ.

ಇನ್ನು ಸುಳ್ಳಿನ ಮಾತು. ಶಾಲೆಗೆ ಕೊಟ್ಟ ರಜೆಯ ಅರ್ಜಿಯಲ್ಲಿ ಪಿತ್ತಕೋಶದ ಕಲ್ಲು ಎಂದು ಬರೆದಿದ್ದೆನು. ಊರಿಗೂ ಅದನ್ನೇ ಹೇಳಿದೆವು. ನಿಪ್ಪಾಣಿಯಲ್ಲಿ ನನ್ನ ಸೋದರಮಾವನ ಸೊಸೆ ಇದ್ದಾಳೆ. ನಾನು ವೈನಿ ಎನ್ನುತ್ತೇನೆ. ತಂಬಾಕಿನ ವಖಾರಿಯಲ್ಲಿ ದುಡಿಯುವವಳು, ನನ್ನಂತೆಯೇ ಹೊತ್ತವಳು. ಒಂದು ಮದುವೆಯಲ್ಲಿ ನನ್ನನ್ನು ಮೂಲೆಗೆ ಕರೆದು ಮೆಲ್ಲನೆ ಕೇಳಿದಳು: “ಅಕ್ಕೋರ, ಪಿತ್ತದ ಕಲ್ಲ ತಗದ್ರ ಬೆನ್ನ ಹೆಂಗ ನೆಟ್ಟಗಾತ್ರಿ?”

ಸಿಕ್ಕಿಬಿದ್ದೆನು. ನಾಚಿಕೆಯಿಂದ ಅರ್ಧ ನಿಜ ಹೇಳಿದೆನು. ಇಂಥ ಶಸ್ತ್ರಕ್ರಿಯೆ ಇದೆ; ಏನೂ ಇಲ್ಲ, ಎಂಟು ದಿನದ ಮಾತು, ಹೋಗಿ ಬಾ ಎಂದು ಮಾತು ಮುಗಿಸಿಬಿಟ್ಟೆನು. ಕಲೆಯ ಮಾತಿಲ್ಲ, ಸ್ಪರ್ಶದ ಮಾತಿಲ್ಲ, ಶಸ್ತ್ರಕ್ರಿಯೆಗೆ ಮೊದಲು ಏನನ್ನು ಬಿಡಬೇಕೆಂಬ ಮಾತಿಲ್ಲ.

ವೈನಿ ಗಂಡನಿಗೆ ‘ಗಂಟು’ ಎಂದು ಹೇಳಿ ಒಂದು ದೊಡ್ಡ ಊರಿಗೆ ಹೋದಳು. ಅಲ್ಲಿ ತರುಣ ವೈದ್ಯರೊಬ್ಬರು ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು: ಸಿಗರೇಟು, ಬೀಡಿ ಸೇದುತ್ತೀರಾ? ಇಲ್ಲವೆಂದಳು. ಅದು ಸತ್ಯವೇ. ಆದರೆ ಅವಳು ಹನ್ನೆರಡನೆಯ ವಯಸ್ಸಿನಿಂದ ಮಶೇರಿ ತಿಕ್ಕುವವಳು. ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವಂತೆ ಹುರಿದು ಪುಡಿ ಮಾಡಿ, ಹಲ್ಲಿಗೂ ಒಸಡಿಗೂ ತಿಕ್ಕುವ ಈ ಮಶೇರಿಯನ್ನು ನಮ್ಮ ಗಡಿಯ ಹೆಂಗಸರು ಚಟವೆಂದೇ ಎಣಿಸುವುದಿಲ್ಲ. ಅದು ಮುಖ ತೊಳೆಯುವ ಕೆಲಸದ ಒಂದು ಅಂಗ. ಅದರ ನಿಕೋಟಿನ್ ಒಸಡಿನ ಮೂಲಕ ರಕ್ತಕ್ಕೆ ಸೇರಿ, ಹೊಗೆಯ ನಿಕೋಟಿನ್ನಿನಂತೆಯೇ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುವುದು. ಹಿಂದೆ ಹೇಳಿದ ಕಂಬವನ್ನು ವಾಚಕರು ಈಗ ನೆನೆಯಬೇಕು. ತಂಬಾಕನ್ನು ಯಾವ ರೂಪದಲ್ಲಿಯೇ ಆಗಲಿ ಶಸ್ತ್ರಕ್ರಿಯೆಗೆ ಕಡಿಮೆಯೆಂದರೆ ನಾಲ್ಕು ವಾರ ಮೊದಲೂ ನಾಲ್ಕು ವಾರ ಆಮೇಲೂ ಮುಟ್ಟಬಾರದೆನ್ನುವುದು ಅದಕ್ಕಾಗಿ. ವೈನಿ ದವಾಖಾನೆಗೆ ಹೋಗುವಾಗ ಮಶೇರಿಯ ಡಬ್ಬಿಯನ್ನು ಬಾಚಣಿಗೆಯ ಜೊತೆಗೆ ಚೀಲದಲ್ಲಿ ಇಟ್ಟುಕೊಂಡಿದ್ದಳು. ಎರಡನೆಯ ದಿನ ಬೆಳಗ್ಗೆ ಎದ್ದು ಎಂದಿನಂತೆ ತಿಕ್ಕಿದಳು.

ಐದನೆಯ ದಿನ ಬಲದ ತೊಟ್ಟಿನ ಅಂಚು ಕಪ್ಪಾಯಿತು. ಕೆಳಗಿನ ಹೊಲಿಗೆ ಬಿಟ್ಟಿತು. ಮೂರು ತಿಂಗಳು ಪಟ್ಟಿ ಕಟ್ಟಿಸಿದಳು. ತೊಟ್ಟಿನ ಸುತ್ತಲಿನ ಚರ್ಮ ಅರ್ಧದಷ್ಟು ಹೋಯಿತು. ವಖಾರಿಯ ಮೂರು ತಿಂಗಳ ಕೂಲಿಯೂ ಹೋಯಿತು. ತಂಬಾಕೊಂದೇ ಇದಕ್ಕೆ ಕಾರಣವೆಂದು ನಾನು ವಾದಿಸಲಾರೆ. ಸಕ್ಕರೆಯ ಬೇನೆ, ಸ್ಥೂಲಕಾಯಗಳಿಂದಲೂ ಹೀಗಾಗಬಹುದು, ಯಾವ ಕಾರಣವಿಲ್ಲದೆಯೂ ವಿರಳವಾಗಿ ಆಗಬಹುದು. ಆದರೆ ವೈನಿಗೆ ಸಕ್ಕರೆಯ ಬೇನೆ ಇರಲಿಲ್ಲ, ಸ್ಥೂಲವೂ ಇರಲಿಲ್ಲ.

ನೋಡಲು ಹೋದಾಗ ಅವಳು ನನ್ನನ್ನು ಬೈಯಲಿಲ್ಲ. “ಬೆನ್ನ ಹಗರಾಗೇತ್ರಿ ಅಕ್ಕೋರ, ಅದಕ್ಕ ಸುಳ್ಳ ಹೇಳಾಂಗಿಲ್ಲ. ಆದ್ರ ನೀವು ಹೇಳಬೇಕಿತ್ರಿ” ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ಆ ತರುಣ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೃಷ್ಣಾ-ದೂಧಗಂಗೆಗಳ ನಡುವಿನ ಹೆಣ್ಣುಮಕ್ಕಳನ್ನು ಸಿಗರೇಟಿನ ಮಾತು ಕೇಳಿ ಬಿಡುವುದು ಕೇಳದೆ ಇದ್ದಂತೆಯೇ ಸರಿ. ಮಶೇರಿ ತಿಕ್ಕುತ್ತೀಯೇನವ್ವಾ, ಎಲೆ ಅಡಿಕೆಗೆ ತಂಬಾಕು ಹಾಕುತ್ತೀಯೇನವ್ವಾ ಎಂದು ಕೇಳಬೇಕು. ನಮ್ಮಂಥ ಓದಿದ ಹೆಂಗಸರು ಸುಳ್ಳು ಹೇಳಿ ಮಾನ ಉಳಿಸಿಕೊಂಡರೆ, ಓದದವರು ಆ ಸುಳ್ಳಿನ ಮೇಲೆಯೇ ನಂಬಿಕೆಯಿಟ್ಟು ಮೇಜಿನ ಮೇಲೆ ಮಲಗುವರು.

ಒಪ್ಪಿಗೆಯ ವಿಷಯವಾಗಿಯೂ ಎರಡು ಮಾತು. ವೈನಿ ಗಂಡನಿಗೆ ಗಂಟೆಂದು ಹೇಳಬೇಕಾದುದೇಕೆ? ಅವನು ಒಪ್ಪಲಾರನೆಂಬ ಭಯ. ವಯಸ್ಸಿಗೆ ಬಂದ, ಬುದ್ಧಿ ಸ್ಥಿರವಾಗಿರುವ ಹೆಣ್ಣಿನ ಶಸ್ತ್ರಕ್ರಿಯೆಗೆ ಅವಳ ಒಪ್ಪಿಗೆಯೇ ಒಪ್ಪಿಗೆ. 2008ರಲ್ಲಿ ಸಮೀರಾ ಕೊಹ್ಲಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿತು: ಆಕೆ ಅರಿವಳಿಕೆಯಲ್ಲಿದ್ದಾಗ ಅವಳ ತಾಯಿ ಕೊಟ್ಟ ಒಪ್ಪಿಗೆಯನ್ನೇ ನ್ಯಾಯಾಲಯ ಮಾನ್ಯಮಾಡಲಿಲ್ಲ. ಗಂಡನ ಸಹಿ ಮನೆಯ ಸೌಹಾರ್ದಕ್ಕೆ ಒಳ್ಳೆಯದು, ಕಾನೂನಿಗೆ ಬೇಕಾದುದಲ್ಲ. ಅದೇ ತೀರ್ಪು ಇನ್ನೊಂದನ್ನೂ ಹೇಳುತ್ತದೆ: ಒಪ್ಪುವವಳಿಗೆ ಲಾಭ, ಅಪಾಯ, ಬೇರೆ ದಾರಿ ಎಲ್ಲವನ್ನೂ ಮೊದಲು ತಿಳಿಸಬೇಕು.

ವಿಮೆಯವರ ಕಣ್ಣಿನಲ್ಲಿ ಇದಿನ್ನೂ ಶೃಂಗಾರ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಆರೋಗ್ಯವಿಮೆಗೆ ಹಾಕಿಕೊಟ್ಟ ಏಕರೂಪದ ಒಕ್ಕಣೆಯಲ್ಲಿ ಸೌಂದರ್ಯದ ಹಾಗೂ ಪ್ಲಾಸ್ಟಿಕ್ ಶಸ್ತ್ರಕ್ರಿಯೆಗಳನ್ನು ಹೊರಗಿಟ್ಟಿದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರುಗಳಿಗೆ ವಿನಾಯಿತಿ ಇದೆ. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವಿದೆಯೆಂದು ವೈದ್ಯರು ಬರೆದುಕೊಟ್ಟರೂ ದಾರಿಯಿದೆ. ಹೆಗಲ ತಗ್ಗು ಇಪ್ಪತ್ತು ವರುಷಗಳಲ್ಲಿ ಕೊರೆದದ್ದು. ಅದನ್ನು ‘ತಕ್ಷಣ’ ಎಂದು ಯಾರು ಬರೆದುಕೊಡಬೇಕು? ಆದರೂ ನೋವಿಗೆ ತೋರಿಸಿದ ಚೀಟಿ, ಎಕ್ಸ್‌ರೇ, ಚರ್ಮದ ಔಷಧದ ಪಾವತಿ ಎಲ್ಲವನ್ನೂ ಜೋಪಾನ ಮಾಡಿಟ್ಟು ಕೇಳಿನೋಡಬೇಕು. ನಾನು ಕೇಳಲಿಲ್ಲ, ಕೇಳಬೇಕಾದರೆ ಪಿತ್ತಕೋಶದ ಕಥೆ ಬಯಲಾಗುತ್ತಿತ್ತು.

ಹೋದ ತಿಂಗಳು ವೈನಿ ತನ್ನ ಮಗಳನ್ನು ಕರೆದುಕೊಂಡು ರಾಯಬಾಗಕ್ಕೆ ಬಂದಿದ್ದಳು. ಹುಡುಗಿಗೆ ಇಪ್ಪತ್ತು ವರುಷ, ಕಾಲೇಜಿಗೆ ಹೋಗುವವಳು. ತಾಯಿಯ ಮೈಕಟ್ಟು, ತಾಯಿಯ ಬೆನ್ನು. ಅವಳು ಕೇಳಿದ್ದು ಒಂದೇ: “ಮುಂದ ಕೂಸಿಗೆ ಹಾಲು ಬರತಾವೇನ್ರಿ ಅತ್ತಿ?” ಕಂಬದೊಳಗಿನ ಗ್ರಂಥಿಯನ್ನೂ ನಾಳಗಳನ್ನೂ ಎಷ್ಟು ಉಳಿಸುವರೋ ಅದರ ಮೇಲೆ ಅದು ನಿಂತಿದೆ; ಬಹಳ ಮಂದಿಗೆ ಬರುತ್ತದೆ, ಕೆಲವರಿಗೆ ಸಾಲುವುದಿಲ್ಲ, ಮೊದಲೇ ಬರುವುದೆಂದು ಮಾತು ಕೊಡಲು ಯಾರಿಂದಲೂ ಆಗದು; ಬಸಿರಿನಲ್ಲಿ ಮತ್ತೆ ಬೆಳೆದರೂ ಬೆಳೆಯಬಹುದು. ತಡೆದುಕೊಳ್ಳುವಂತಿದ್ದರೆ ಮಕ್ಕಳಾದ ಮೇಲೆ ಮಾಡಿಸುವುದು ಲೇಸು, ಆಗದಿದ್ದರೆ ಬೆಳವಣಿಗೆ ನಿಂತುದನ್ನು ನೋಡಿ ಮಾಡಿಸಬಹುದು. ಇದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ನನ್ನ ಕಲೆಗಳನ್ನೂ ತೋರಿಸಿದೆನು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ಇನ್ನೂ ವಿಚಾರ ಮಾಡುವೆನೆಂದಳು. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ ಬರಬೇಕೆಂದು ಗೊತ್ತುಮಾಡಿದೆವು. ಒಯ್ಯಬೇಕಾದುದರ, ಕೇಳಬೇಕಾದುದರ ಪಟ್ಟಿಯೊಂದನ್ನು ಕುಳಿತು ಬರೆದೆವು. ವೈನಿ ಹೇಳುತ್ತಿದ್ದಳು, ಮಗಳು ಬರೆಯುತ್ತಿದ್ದಳು. ಮೊದಲನೆಯ ಸಾಲು ಮಶೇರಿ. ಹುಡುಗಿಯೂ ತಿಕ್ಕುವಳೆಂಬುದು ಆಗಲೇ ನನಗೆ ತಿಳಿದುದು. ಮುಂದಿನ ವಾರವೇ ಮಾಡಿಸುವವಳಂತೆ ವೈನಿ ಕೊನೆಯ ಸಾಲನ್ನೂ ಬರೆಯಿಸಿದಳು: ಕೈ ಮೇಲೆತ್ತದೆ ತೊಡಲು ಬರುವಂಥ, ಮುಂದೆ ಗಂಟು ಹಾಕುವ ಅಜ್ಜಿಯ ಖಣದ ಕುಬಸ, ಎರಡು.